ಗಡಿಯೊಳಗಿನ ಪದವಿ: ಕನ್ನಡ ನಾಡಿನ ವಾಣಿಜ್ಯ ವಿದ್ಯಾರ್ಥಿ, ಮುಂಬಯಿ ಮತ್ತು ಮೈಸೂರು

ವಾಣಿಜ್ಯ ಪದವಿಗಾಗಿ ಎರಡು ವಿಶ್ವವಿದ್ಯಾನಿಲಯಗಳನ್ನು ಎದುರಿಗಿಟ್ಟುಕೊಂಡು ತೂಗಿನೋಡುವ ಅವಕಾಶ ಕನ್ನಡ ನಾಡಿನ ವಿದ್ಯಾರ್ಥಿಗೆ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೆ ಹಿಂದೆ ಅವನು ಎಲ್ಲಿ ಓದಬೇಕೆಂಬುದನ್ನು ಹೆಚ್ಚಾಗಿ ಅವನ ಜಿಲ್ಲೆಯೇ ನಿರ್ಧರಿಸುತ್ತಿತ್ತು, ಏನನ್ನು ಓದಬೇಕೆಂಬುದನ್ನು ಸರ್ಕಾರದ ಕಚೇರಿಗಳ ಅಗತ್ಯ ನಿರ್ಧರಿಸುತ್ತಿತ್ತು. 1857ರಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದರಾಸುಗಳಲ್ಲಿ ಸ್ಥಾಪನೆಯಾದ ಮೂರು ವಿಶ್ವವಿದ್ಯಾನಿಲಯಗಳು ಲಂಡನ್ ವಿಶ್ವವಿದ್ಯಾನಿಲಯದ ಅಂದಿನ ಮಾದರಿಯನ್ನು ಅನುಸರಿಸಿದ ಸಂಯೋಜಕ ಸಂಸ್ಥೆಗಳಾಗಿದ್ದವು. ಎಂದರೆ ಅವು ತಾವೇ ಪಾಠ ಹೇಳುತ್ತಿರಲಿಲ್ಲ, ದೂರದೂರದ ಕಾಲೇಜುಗಳನ್ನು ತಮ್ಮೊಡನೆ ಸೇರಿಸಿಕೊಂಡು, ಪಠ್ಯವನ್ನು ಗೊತ್ತುಮಾಡಿ, ಪರೀಕ್ಷೆ ನಡೆಸಿ, ಪದವಿ ಕೊಡುತ್ತಿದ್ದವು. ಈ ವ್ಯವಸ್ಥೆಯಲ್ಲಿ ಧಾರವಾಡ, ಬೆಳಗಾವಿ, ಬಿಜಾಪುರ ಮತ್ತು ಕಾರವಾರಗಳ ಕನ್ನಡಿಗರು ಮುಂಬಯಿಯ ಪರಿಧಿಗೆ ಸೇರಿದರೆ, ಮಂಗಳೂರು ಮತ್ತು ಬಳ್ಳಾರಿಯವರು ಮದರಾಸಿಗೆ ಸೇರಿದರು; ಮೈಸೂರು ಸಂಸ್ಥಾನಕ್ಕೆ ತನ್ನದೇ ಅರಸರೂ ದಿವಾನರೂ ಇದ್ದರೂ ಅದರ ಸೆಂಟ್ರಲ್ ಕಾಲೇಜು ಮತ್ತು ಮಹಾರಾಜ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯದ ಸಂಯೋಜನೆಗೆ ಒಳಪಟ್ಟಿದ್ದವು. 1904ರ ಭಾರತೀಯ ವಿಶ್ವವಿದ್ಯಾನಿಲಯಗಳ ಕಾಯಿದೆಯು ಪ್ರತಿಯೊಂದು ವಿಶ್ವವಿದ್ಯಾನಿಲಯದ ಪ್ರಾದೇಶಿಕ ವ್ಯಾಪ್ತಿಯನ್ನು ಗೊತ್ತುಪಡಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟದ್ದರಿಂದ, ಅಲ್ಲಿಯವರೆಗೆ ರೂಢಿಯಲ್ಲಿದ್ದ ಗಡಿಗಳು ಕಾನೂನಿನ ಗಡಿಗಳಾದವು. ಆ ಗಡಿ ಕಟ್ಟಿಹಾಕಿದ್ದು ಕಾಲೇಜುಗಳನ್ನೇ ಹೊರತು ವಿದ್ಯಾರ್ಥಿಗಳನ್ನಲ್ಲ ಎಂಬುದು ನಿಜವಾದರೂ, ಊರು ಬಿಟ್ಟು ಬೇರೆ ಪ್ರಾಂತಕ್ಕೆ ಹೋಗಿ ಓದುವ ಖರ್ಚನ್ನು ಹೊರಬಲ್ಲ ಮನೆತನಗಳು ವಿರಳವಾಗಿದ್ದ ಕಾಲದಲ್ಲಿ ಈ ಎರಡರ ನಡುವಣ ವ್ಯತ್ಯಾಸ ಕಾಗದದ ಮೇಲೆ ಉಳಿಯುವಂಥದ್ದಾಗಿತ್ತು.

ಇಷ್ಟೆಲ್ಲ ವ್ಯವಸ್ಥೆಯಲ್ಲಿ ವ್ಯಾಪಾರಕ್ಕೆ ಸ್ಥಳವೇ ಇರಲಿಲ್ಲ. ಹುಬ್ಬಳ್ಳಿಯ ಅರಳೆ ಅಂಗಡಿಯಲ್ಲಾಗಲಿ ಮಂಗಳೂರಿನ ಬಂದರಿನ ಮಂಡಿಯಲ್ಲಾಗಲಿ ಲೆಕ್ಕವನ್ನು ಕಲಿಯುತ್ತಿದ್ದುದು ಗದ್ದುಗೆಯ ಪಕ್ಕದಲ್ಲಿ ಕುಳಿತು, ಕಿರ್ದಿಯನ್ನೂ ಖಾತೆಯನ್ನೂ ಬರೆಯುತ್ತ. ಈ ಕಲಿಕೆ ತಂದೆಯಿಂದ ಮಗನಿಗೆ, ಸಾಹುಕಾರನಿಂದ ಗುಮಾಸ್ತನಿಗೆ ದಾಟುತ್ತಿತ್ತೇ ವಿನಾ ಪರೀಕ್ಷೆಯ ವಿಷಯವಾಗಿರಲಿಲ್ಲ. 1886ರಲ್ಲಿ ಮದರಾಸಿನಲ್ಲಿ ಪಚ್ಚಯ್ಯಪ್ಪ ಧರ್ಮನಿಧಿಯ ವತಿಯಿಂದ ವಾಣಿಜ್ಯ ಶಾಲೆಯೊಂದು ಆರಂಭವಾದದ್ದು ಈ ದಿಕ್ಕಿನ ಮೊದಲ ಹೆಜ್ಜೆಗಳಲ್ಲಿ ಒಂದು. ಆದರೆ ಇಂಥ ಶಾಲೆಗಳು ಕಲಿಸುತ್ತಿದ್ದುದು ಬುಕ್ ಕೀಪಿಂಗ್, ಬೆರಳಚ್ಚು, ಶೀಘ್ರಲಿಪಿ ಮತ್ತು ವ್ಯಾಪಾರದ ಪತ್ರವ್ಯವಹಾರಗಳನ್ನು; ಅವುಗಳ ಉದ್ದೇಶ ಕಂಪನಿಗಳಿಗೂ ಕಚೇರಿಗಳಿಗೂ ನುರಿತ ಗುಮಾಸ್ತರನ್ನು ಒದಗಿಸುವುದಾಗಿತ್ತು. ವ್ಯಾಪಾರವನ್ನು ನಡೆಸುವವನಿಗೆ ವಿಶ್ವವಿದ್ಯಾನಿಲಯದ ಶಿಕ್ಷಣ ಬೇಕೆಂಬ ವಿಚಾರ ಆಗ ಇಂಗ್ಲೆಂಡಿನಲ್ಲಿಯೂ ಹೊಸದೇ. ಅಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಹಾರ್ವರ್ಡಿನಿಂದ ಬಂದ ಆರ್ಥಿಕ ಇತಿಹಾಸಕಾರ ವಿಲಿಯಂ ಆ್ಯಶ್ಲಿಯ ನೇತೃತ್ವದಲ್ಲಿ ವಾಣಿಜ್ಯ ನಿಕಾಯವನ್ನು ತೆರೆದಾಗ, ಉದ್ಯಮದ ಸಾಮಾನ್ಯ ಸಿಬ್ಬಂದಿಯನ್ನಲ್ಲ, ಅದನ್ನು ಮುನ್ನಡೆಸುವವರನ್ನು ಸಿದ್ಧಗೊಳಿಸುವುದೇ ತನ್ನ ಗುರಿಯೆಂದು ಸಾರಿತು. 1904ರಲ್ಲಿ ಮ್ಯಾಂಚೆಸ್ಟರ್ ಕೂಡ ತನ್ನ ನಿಕಾಯವನ್ನು ಆರಂಭಿಸಿತು. ಬರ್ಮಿಂಗ್‌ಹ್ಯಾಮಿನಲ್ಲಿ ಲೆಕ್ಕಶಾಸ್ತ್ರಕ್ಕೆ ಪ್ರಾಧ್ಯಾಪಕ ಪೀಠವನ್ನೇ ಏರ್ಪಡಿಸಿದ್ದು ಗಮನಾರ್ಹ, ಏಕೆಂದರೆ ಗುಮಾಸ್ತನ ಕೆಲಸವೆಂದು ಎಣಿಸಲಾಗಿದ್ದ ವಿದ್ಯೆಯೊಂದು ಅದರೊಡನೆ ಪದವಿ ಶಿಕ್ಷಣದ ಅಂಗವಾಯಿತು.

ಭಾರತದಲ್ಲಿ ಈ ವಿಚಾರಕ್ಕೆ ನೆಲೆ ದೊರೆತದ್ದು ಮುಂಬಯಿಯಲ್ಲಿ. 1913ರ ಅಕ್ಟೋಬರಿನಲ್ಲಿ ಆರಂಭವಾದ, ಹಿಂದಿನ ಗವರ್ನರನ ಹೆಸರನ್ನು ಹೊತ್ತ ಸಿಡೆನ್‌ಹ್ಯಾಮ್ ವಾಣಿಜ್ಯ ಮತ್ತು ಅರ್ಥಶಾಸ್ತ್ರ ಕಾಲೇಜಿನ ಮೂಲಕ ಮುಂಬಯಿ ವಿಶ್ವವಿದ್ಯಾನಿಲಯ ಬಿ.ಕಾಂ. ಪದವಿಯನ್ನು ದೇಶಕ್ಕೆ ಪರಿಚಯಿಸಿತು. ಅದೇ ವರ್ಷ ಎರಡು ಬೇರೆ ಘಟನೆಗಳೂ ನಡೆದವು, ಮತ್ತು ಅವುಗಳನ್ನು ಬಿಟ್ಟು ಈ ಪದವಿಯ ಮಹತ್ವವನ್ನು ಅರಿಯಲಾಗದು. ಮೊದಲನೆಯದು 1913ರ ಭಾರತೀಯ ಕಂಪನಿಗಳ ಕಾಯಿದೆ. ಕಂಪನಿಗಳ ಲೆಕ್ಕವನ್ನು ಅರ್ಹತೆಯುಳ್ಳ ಲೆಕ್ಕಪರಿಶೋಧಕರಿಂದ, ಎಂದರೆ ಆಡಿಟರುಗಳಿಂದ, ಪರಿಶೀಲಿಸಬೇಕೆಂಬ ವಿಧಿಯಿಂದಾಗಿ ಲೆಕ್ಕ ಬಲ್ಲವನಿಗೆ ಕಾನೂನಿನ ಮಾನ್ಯತೆಯುಳ್ಳ ವೃತ್ತಿಯೊಂದು ಹುಟ್ಟಿತು. ಎರಡನೆಯದು ಸ್ವದೇಶಿ ಚಳವಳಿಯ ಹುರುಪಿನಲ್ಲಿ ತಲೆಯೆತ್ತಿದ್ದ ಬ್ಯಾಂಕುಗಳ ಕುಸಿತ; ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ಇಂಡಿಯನ್ ಸ್ಪೀಸಿ ಬ್ಯಾಂಕ್ ಸೇರಿದಂತೆ ಹಲವು ಬ್ಯಾಂಕುಗಳು ಬಾಗಿಲು ಮುಚ್ಚಿದವು. ಠೇವಣಿಯಿಟ್ಟವರ ಹಣ ಮುಳುಗಿದ ಆ ದಿನಗಳು ದೇಶಪ್ರೇಮವೊಂದರಿಂದಲೇ ಬ್ಯಾಂಕು ನಡೆಯದೆಂಬುದನ್ನು, ಲೆಕ್ಕವನ್ನೂ ಸಾಲದ ಭದ್ರತೆಯನ್ನೂ ಅರಿತವರು ಬೇಕೆಂಬುದನ್ನು ಕಹಿಯಾಗಿ ಮನಗಾಣಿಸಿದವು. 1918ರಿಂದ ಮುಂಬಯಿ ಸರ್ಕಾರವು ಜಿ.ಡಿ.ಎ. ಎಂಬ ಲೆಕ್ಕಶಾಸ್ತ್ರದ ಡಿಪ್ಲೊಮಾವನ್ನು ಕೊಡತೊಡಗಿತು. ಇದನ್ನು ಮುಗಿಸಿ, ಹಿರಿಯ ಆಡಿಟರೊಬ್ಬರ ಕೈಕೆಳಗೆ ಮೂರು ವರ್ಷ ತರಬೇತಿ ಪಡೆದವನು ಸ್ವತಂತ್ರವಾಗಿ ವೃತ್ತಿ ನಡೆಸಬಹುದಾಗಿತ್ತು. ಪದವಿ, ಡಿಪ್ಲೊಮಾ, ತರಬೇತಿ ಮತ್ತು ಉದ್ಯೋಗ ಈ ನಾಲ್ಕೂ ಒಂದೇ ನಗರದಲ್ಲಿ ದೊರೆಯುತ್ತಿದ್ದುದೇ ಮುಂಬಯಿಯ ನಿಜವಾದ ಬಲ. ಸಿಡೆನ್‌ಹ್ಯಾಮಿನ ಬೋಧಕವರ್ಗದ ಘನತೆಯೂ ಕಡಿಮೆಯದಲ್ಲ, ಡಾ. ಬಿ.ಆರ್. ಅಂಬೇಡ್ಕರ್ ಅವರು 1918ರಿಂದ 1920ರವರೆಗೆ ಅಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಆ ಸಂಬಳದಲ್ಲಿ ಉಳಿಸಿದ ಹಣವನ್ನೂ ಸೇರಿಸಿಕೊಂಡು ಲಂಡನ್ನಿನಲ್ಲಿ ಅರ್ಧಕ್ಕೆ ನಿಂತಿದ್ದ ವ್ಯಾಸಂಗವನ್ನು ಮುಂದುವರಿಸಲು ತೆರಳಿದರು.

ಮೈಸೂರಿನ ದಾರಿ ಬೇರೆಯಾಗಿತ್ತು. 1916ರ ಜುಲೈ 27ರಂದು ಅಸ್ತಿತ್ವಕ್ಕೆ ಬಂದ ಮೈಸೂರು ವಿಶ್ವವಿದ್ಯಾನಿಲಯವು ಬ್ರಿಟಿಷ್ ಭಾರತದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪನೆಯಾದ ಮೊದಲ ವಿಶ್ವವಿದ್ಯಾನಿಲಯ. ಮದರಾಸಿನ ಸಂಯೋಜನೆಯಿಂದ ಬಿಡಿಸಿಕೊಂಡ ಬೆಂಗಳೂರು ಮತ್ತು ಮೈಸೂರಿನ ಎರಡು ಕಾಲೇಜುಗಳನ್ನೇ ಅಂಗಗಳನ್ನಾಗಿ ಮಾಡಿಕೊಂಡು, ತಾನೇ ಪಾಠ ಹೇಳುವ ಬೋಧನಾ ವಿಶ್ವವಿದ್ಯಾನಿಲಯವಾಗಿ ಅದು ರೂಪುಗೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ದಿವಾನ್ ಎಂ. ವಿಶ್ವೇಶ್ವರಯ್ಯನವರು ಹಾಕಿಕೊಂಡಿದ್ದ ಆರ್ಥಿಕ ಯೋಜನೆಗಳೊಡನೆ ಅದನ್ನು ಸೇರಿಸಿ ನೋಡಬೇಕು: 1911ರ ಮೈಸೂರು ಆರ್ಥಿಕ ಸಮ್ಮೇಳನ, 1913ರ ಮೈಸೂರು ಬ್ಯಾಂಕ್, 1916ರ ಮೈಸೂರು ವಾಣಿಜ್ಯ ಮಂಡಲಿ ಇವುಗಳ ಸಾಲಿನಲ್ಲಿಯೇ ವಿಶ್ವವಿದ್ಯಾನಿಲಯವೂ ಬರುತ್ತದೆ. ಮುಂಬಯಿಯಲ್ಲಿ ಪೇಟೆ ಮೊದಲು ಬೆಳೆದು ತನಗೆ ಬೇಕಾದ ಪದವಿಯನ್ನು ಕೇಳಿ ಪಡೆದರೆ, ಮೈಸೂರಿನಲ್ಲಿ ಸರ್ಕಾರವು ಪೇಟೆಯನ್ನೂ ಪದವೀಧರನನ್ನೂ ಜೊತೆಜೊತೆಯಾಗಿ ರೂಪಿಸಲು ಹೊರಟಿತು. 1920ರ ದಶಕದ ವೇಳೆಗೆ ವಾಣಿಜ್ಯ ಪದವಿ ಮೈಸೂರಿನಲ್ಲಿಯೂ ದೊರೆಯುತ್ತಿತ್ತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಂಪನಿ ಮುಂತಾದ ಸಂಸ್ಥೆಗಳಿಗೆ ಲೆಕ್ಕಪತ್ರ ನೋಡಿಕೊಳ್ಳುವವರು ಬೇಕಾಗಿದ್ದರು. ವಿದ್ಯೆಯ ದೃಷ್ಟಿಯಿಂದ ನೋಡಿದರೆ ಮೈಸೂರಿನ ಕಲ್ಪನೆಯೇ ಹೆಚ್ಚು ಉದಾತ್ತವಾದದ್ದೆಂದು ಹೇಳಬೇಕಾಗುತ್ತದೆ, ಏಕೆಂದರೆ ಪಾಠ ಹೇಳಿದವರೇ ಪಠ್ಯವನ್ನು ಗೊತ್ತುಮಾಡುವ ಸ್ವಾತಂತ್ರ್ಯ ಅಲ್ಲಿತ್ತು. ಆದರೆ ಪದವಿ ಪಡೆದವನನ್ನು ಕರೆದು ಕೆಲಸ ಕೊಡುವ ಖಾಸಗಿ ಕಂಪನಿಗಳ ಸಂಖ್ಯೆಯಲ್ಲಿ ಮುಂಬಯಿಗೆ ಸರಿಸಾಟಿಯಾಗುವುದು ಮೈಸೂರಿಗೆ ಸಾಧ್ಯವಿರಲಿಲ್ಲ, ಮತ್ತು ವಾಣಿಜ್ಯ ಪದವಿಯನ್ನು ಆರಿಸಿಕೊಳ್ಳುವ ಮನೆತನಗಳು ಮೊದಲು ಕೇಳುತ್ತಿದ್ದುದು ಕೆಲಸದ ಪ್ರಶ್ನೆಯನ್ನೇ.

ಈ ಸೆಳೆತದ ಸ್ಪಷ್ಟ ನಿದರ್ಶನ ಕರಾವಳಿಯಲ್ಲಿ ದೊರೆಯುತ್ತದೆ. ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದರೂ ಅಲ್ಲಿಯ ಜನರ ವ್ಯವಹಾರದ ಮುಖ ಹಡಗಿನ ದಾರಿಯಲ್ಲಿ ಮುಂಬಯಿಯ ಕಡೆಗಿತ್ತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರಿಂದ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿದ ಸಂಸ್ಥೆ, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್, ಹೀಗೆ ಒಂದೇ ಜಿಲ್ಲೆಯಲ್ಲಿ ಕಾಲು ಶತಮಾನದೊಳಗೆ ಇಷ್ಟು ಬ್ಯಾಂಕುಗಳು ಹುಟ್ಟಿಕೊಂಡದ್ದು ಭಾರತದ ಆರ್ಥಿಕ ಇತಿಹಾಸದಲ್ಲೇ ಹೆಮ್ಮೆಪಡಬೇಕಾದ ಸಂಗತಿ. ಇವುಗಳನ್ನು ಕಟ್ಟಿದ ಮೊದಲ ತಲೆಮಾರಿನಲ್ಲಿ ವಕೀಲರು, ವೈದ್ಯರು, ವ್ಯಾಪಾರಿಗಳು ಇದ್ದರು; ಎರಡನೆಯ ತಲೆಮಾರಿಗೆ ವಾಣಿಜ್ಯದ ವ್ಯವಸ್ಥಿತ ಶಿಕ್ಷಣ ಅಗತ್ಯವೆನಿಸಿತು. ಸಿಂಡಿಕೇಟ್ ಬ್ಯಾಂಕನ್ನು ಮುನ್ನಡೆಸಿ ಮುಂದೆ ಕೇಂದ್ರ ಸಚಿವರಾದ ಟಿ.ಎ. ಪೈ ಅವರು ವಾಣಿಜ್ಯ ಪದವಿಗಾಗಿ ಹೋದದ್ದು ತಮ್ಮ ಪ್ರಾಂತದ ವಿಶ್ವವಿದ್ಯಾನಿಲಯವಿದ್ದ ಮದರಾಸಿಗಲ್ಲ, ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿಗೆ. ಆಡಳಿತದ ಗಡಿಗಿಂತ ವ್ಯವಹಾರದ ಗಡಿ ಬಲವಾದದ್ದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಮುಂಬಯಿಯ ಆಯ್ಕೆ ಅನುಕೂಲಸ್ಥರಿಗೆ ಮಾತ್ರ ಮೀಸಲಾಗಿರಲಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಕರಾವಳಿಯಿಂದ ಹೋಗಿ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಕನ್ನಡಿಗರ ಸಂಘಗಳು ನಡೆಸುತ್ತಿದ್ದ ರಾತ್ರಿ ಶಾಲೆಗಳಲ್ಲಿ ಓದಿ ಮೆಟ್ರಿಕ್ ಮುಗಿಸುತ್ತಿದ್ದರು. ಅವರ ಮುಂದಿನ ದಾರಿಗೆ ನೆರವಾದ ಕಾಲೇಜುಗಳೂ ಕ್ರಮೇಣ ಬಂದವು: 1941ರಲ್ಲಿ, ಕನ್ನಡಿಗರೂ ತಮಿಳರೂ ಹೆಚ್ಚಾಗಿ ನೆಲೆಸಿದ್ದ ಮಾಟುಂಗದಲ್ಲಿಯೇ ಪೋದಾರ್ ವಾಣಿಜ್ಯ ಕಾಲೇಜು ಆರಂಭವಾಯಿತು, 1946ರಲ್ಲಿ ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ ಸ್ಥಾಪಿಸಿದ ಸಿದ್ಧಾರ್ಥ ಕಾಲೇಜು ಬೆಳಗಿನ ಹೊತ್ತು ತರಗತಿ ನಡೆಸಿ, ಹಗಲು ದುಡಿಯಲೇಬೇಕಾದವರಿಗೂ ಕಾಲೇಜಿನ ಬಾಗಿಲು ತೆರೆಯಿತು. ವಿಶ್ವವಿದ್ಯಾನಿಲಯದ ಹಿರಿಮೆಯನ್ನು ತೂಗುವಾಗ ಗ್ರಂಥಾಲಯ ಮತ್ತು ಪ್ರಾಧ್ಯಾಪಕರನ್ನು ಎಣಿಸುವುದು ವಾಡಿಕೆ. ದುಡಿಯುವವನಿಗೆ ತರಗತಿಯ ವೇಳೆಯೇ ಎಲ್ಲಕ್ಕಿಂತ ಮೊದಲ ಪ್ರಶ್ನೆಯಾಗಿತ್ತೆಂಬುದನ್ನು ಶಿಕ್ಷಣದ ಇತಿಹಾಸಗಳು ಸಾಕಷ್ಟು ಗಮನಿಸಿಲ್ಲ.

ಉತ್ತರ ಕರ್ನಾಟಕದವರಿಗೆ ಊರ ಹತ್ತಿರವೇ ವಾಣಿಜ್ಯ ಪದವಿ ದೊರೆಯಲು ಸ್ವಾತಂತ್ರ್ಯದ ವರ್ಷದವರೆಗೆ ಕಾಯಬೇಕಾಯಿತು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಆ ಭಾಗದ ಉನ್ನತ ಶಿಕ್ಷಣಕ್ಕೆ ಬುನಾದಿ ಹಾಕಿದ್ದರೂ ವಾಣಿಜ್ಯಕ್ಕಾಗಿ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. 1947ರಲ್ಲಿ ಕರ್ನಾಟಕ ಲಿಂಗಾಯತ ಎಜುಕೇಷನ್ ಸೊಸೈಟಿಯು ಹುಬ್ಬಳ್ಳಿಯಲ್ಲಿ ಜಗದ್ಗುರು ಗಂಗಾಧರ ವಾಣಿಜ್ಯ ಕಾಲೇಜನ್ನು ತೆರೆದಾಗ ಅರಳೆ ವ್ಯಾಪಾರದ ಆ ನಗರಕ್ಕೆ ತಕ್ಕ ಶಿಕ್ಷಣ ತಕ್ಕ ಸ್ಥಳದಲ್ಲಿ ದೊರೆಯಿತು. 1949ರ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟಿ, ಮರುವರ್ಷ ಮುಂಬಯಿಯಿಂದ ಧಾರವಾಡಕ್ಕೆ ಬಂದು ನೆಲೆಸಿತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಒಂದೇ ರಾಜ್ಯದೊಳಗೆ ಮೈಸೂರು ಮತ್ತು ಕರ್ನಾಟಕ ವಿಶ್ವವಿದ್ಯಾನಿಲಯಗಳೆರಡೂ ಇದ್ದವು, ಆದರೆ ಪ್ರಾದೇಶಿಕ ವ್ಯಾಪ್ತಿಯ ಹಳೆಯ ತತ್ತ್ವ ಮುಂದುವರಿಯಿತು. ಮಂಗಳೂರಿನ ಕಾಲೇಜುಗಳು ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದವು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಮೈಸೂರಿನಿಂದ ಬೇರ್ಪಟ್ಟಿತು, 1980ರಲ್ಲಿ ಮಂಗಳೂರಿಗೂ ಗುಲ್ಬರ್ಗಕ್ಕೂ ತಮ್ಮದೇ ವಿಶ್ವವಿದ್ಯಾನಿಲಯಗಳು ಬಂದವು. ವಿಪರ್ಯಾಸವೆಂದರೆ, ಬೋಧನಾ ವಿಶ್ವವಿದ್ಯಾನಿಲಯವಾಗಿ ಹುಟ್ಟಿದ ಮೈಸೂರು ಕೂಡ ಈ ಬೆಳವಣಿಗೆಯಲ್ಲಿ ನೂರಾರು ಮೈಲಿ ಹರಡಿದ ಕಾಲೇಜುಗಳಿಗೆ ಪರೀಕ್ಷೆ ನಡೆಸುವ ಸಂಯೋಜಕ ಸಂಸ್ಥೆಯಾಯಿತು, ಮತ್ತು ಅದರೊಡನೆ 1916ರ ಕಲ್ಪನೆಯ ಬಹುಭಾಗ ಕಳೆದುಹೋಯಿತು.

ಮುಂದೆ ಬಿ.ಕಾಂ. ಜೊತೆಗೆ ಬಿ.ಬಿ.ಎಂ., ಅನಂತರ ಬಿ.ಬಿ.ಎ. ಎಂಬ ಹೆಸರಿನಲ್ಲಿ ವ್ಯವಹಾರ ನಿರ್ವಹಣೆಯ ಪದವಿಗಳು ಬಂದವು, ಬಿ.ಕಾಂ. ಲೆಕ್ಕ, ತೆರಿಗೆ ಮತ್ತು ಕಾನೂನುಗಳಿಗೆ ಒತ್ತು ಕೊಟ್ಟರೆ ಇವು ಸಂಸ್ಥೆಯನ್ನು ನಡೆಸುವ ಕ್ರಮಕ್ಕೆ ಒತ್ತು ಕೊಟ್ಟವು. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾನಿಲಯಗಳು ಬಂದ ಮೇಲೆ ಒಂದೇ ನಗರದೊಳಗೆ ಹಲವು ವಿಶ್ವವಿದ್ಯಾನಿಲಯಗಳ ನಡುವೆ ಆರಿಸುವ ಪ್ರಶ್ನೆ ಎದ್ದಿತು. 2024–25ರ ಶೈಕ್ಷಣಿಕ ವರ್ಷದಿಂದ ಬಿ.ಬಿ.ಎ. ಪದವಿಯು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಅನುಮೋದನೆಯ ವ್ಯಾಪ್ತಿಗೆ ಬಂದಿದ್ದು, ಬಿ.ಕಾಂ. ಅದರ ಹೊರಗೇ ಉಳಿದಿದೆ. ಹೀಗಾಗಿ ಒಂದೇ ಕಾಲೇಜಿನ ಅಕ್ಕಪಕ್ಕದ ತರಗತಿಗಳಲ್ಲಿ ಓದುವವರು ಬೇರೆ ಬೇರೆ ನಿಯಂತ್ರಣಗಳಿಗೆ ಒಳಪಡುತ್ತಾರೆ. ಅದೇ 2024ರಲ್ಲಿ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆ ಆನ್‌ಲೈನ್ ಮೂಲಕ ಪಡೆಯಬಹುದಾದ ಬಿ.ಬಿ.ಎ. ಪದವಿಯನ್ನು ಆರಂಭಿಸಿತು, ವಿಜಯಪುರದ ವಿದ್ಯಾರ್ಥಿನಿಯೂ ಉಡುಪಿಯ ವಿದ್ಯಾರ್ಥಿಯೂ ತಮ್ಮ ಜಿಲ್ಲೆ ಯಾವ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದೆಯೆಂಬುದನ್ನು ಲೆಕ್ಕಿಸದೆ ಅದಕ್ಕೆ ಅರ್ಜಿ ಹಾಕಬಹುದು, ಆದರೆ ಅವರ ಊರಿನ ಸರ್ಕಾರಿ ಪದವಿ ಕಾಲೇಜು ಇಂದಿಗೂ ತನ್ನ ಪ್ರದೇಶದ ವಿಶ್ವವಿದ್ಯಾನಿಲಯಕ್ಕೇ ಸಂಯೋಜನೆಗೊಂಡಿರುತ್ತದೆ.