ಸೀಲ್ ಡೈವರ್‌ನ ಕೈ ಹಿಡಿಯುವ ವಿಡಿಯೋ ನಿಜವೇ? ಕಬಿನಿಯ ನೀರುನಾಯಿಯನ್ನೂ ಹಾಗೆ ಮುಟ್ಟಬಹುದೇ?

ಕೊರೆಯುವ ತಣ್ಣೀರಿನ ಸಮುದ್ರದಾಳದಲ್ಲಿ ಒಬ್ಬ ಸ್ಕೂಬಾ ಡೈವರ್. ದುಂಡು ಕಣ್ಣಿನ, ಮೀಸೆಯ ಪ್ರಾಣಿಯೊಂದು ಹತ್ತಿರ ಬಂದು ಅವನ ಕೈ ಹಿಡಿಯುತ್ತದೆ, ಹೊಟ್ಟೆ ಕೆರೆಸಿಕೊಳ್ಳುತ್ತದೆ. 'ಮನುಷ್ಯರಿಗಿಂತ ಪ್ರಾಣಿಗಳೇ ವಾಸಿ, ಹತ್ತು ಜನಕ್ಕೆ ಕಳಿಸಿ' ಎಂದು ಕೆಳಗೊಂದು ಸಾಲು. ಇಂಥ ವಿಡಿಯೋ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕೆಲವರು ಈ ಪ್ರಾಣಿಯನ್ನು 'ನೀರುನಾಯಿ' ಎಂದೇ ಹಂಚುತ್ತಾರೆ. ಹಾಗೆಂದರೆ ಎಚ್.ಡಿ. ಕೋಟೆಯವರಿಗೆ ಕಬಿನಿ ನೆನಪಾಗುತ್ತದೆ, ಕೆ.ಆರ್. ನಗರ, ಪಿರಿಯಾಪಟ್ಟಣದವರಿಗೆ ಕಾವೇರಿ. ನಮ್ಮ ಹೊಳೆಯ ನೀರುನಾಯಿಯನ್ನೂ ಹೀಗೆ ಮುದ್ದಿಸಬಹುದಲ್ಲವೇ ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ.

ಚುಟುಕಾಗಿ ಹೇಳುವುದಾದರೆ, ಇಂಥ ದೃಶ್ಯಗಳು ನಿಜವಾಗಿಯೂ ನಡೆಯುತ್ತವೆ. ಅವುಗಳಿಗೆ ಅಂಟಿಸಿದ ಅರ್ಥ ಮಾತ್ರ ತಪ್ಪು. ನಮ್ಮ ಹೊಳೆಗಳಲ್ಲಿ ಆ ಪ್ರಯೋಗ ಬೇಡವೇ ಬೇಡ.

ಸೀಲ್ ಯಾಕೆ ಹತ್ತಿರ ಬರುತ್ತದೆ?

ವಿಡಿಯೋದಲ್ಲಿರುವುದು ಸಾಮಾನ್ಯವಾಗಿ ಸೀಲ್. ಇದು ತಣ್ಣನೆಯ ಕಡಲಿನ ಪ್ರಾಣಿ; ಕರ್ನಾಟಕದ ಕರಾವಳಿಯಲ್ಲಿ ಇಲ್ಲ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮಾಡಿದವರಿಗೆ ಬಣ್ಣದ ಮೀನು, ಕಡಲಾಮೆ ಕಂಡೀತೇ ಹೊರತು ಸೀಲ್ ಅಲ್ಲ. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಫಾರ್ನ್ ದ್ವೀಪಗಳು ಸೀಲ್ ನೋಡಲು ಹೋಗುವ ಡೈವರ್‌ಗಳಿಗೆ ಹೆಸರಾದ ಜಾಗ. ಅಲ್ಲಿ ಸಾವಿರಾರು ಬೂದು ಸೀಲ್‌ಗಳಿವೆ. ಗಂಡು 200 ಕಿಲೋ ದಾಟಿ ಬೆಳೆಯುತ್ತದೆ.

ಹತ್ತಿರ ಬರುವುದು ಹೆಚ್ಚಾಗಿ ಎಳೆಯ ಸೀಲ್‌ಗಳು. ಹೊಸ ವಸ್ತು ಏನೆಂದು ತಿಳಿಯಲು ಅವು ಮೀಸೆ ಮತ್ತು ಬಾಯಿಯನ್ನೇ ಬಳಸುತ್ತವೆ. ಕೊಟ್ಟಿಗೆಯ ಎಳೆಗರು ನಿಮ್ಮ ಸೆರಗನ್ನೋ ಪಂಚೆಯನ್ನೋ ಬಾಯಿಗೆ ಹಾಕಿಕೊಂಡು ನೋಡುವುದಿಲ್ಲವೇ, ಹಾಗೆ. ಡೈವರ್ ಕಾಲಿಗೆ ಕಟ್ಟಿದ ರೆಕ್ಕೆಯನ್ನು ಕಚ್ಚಿ ಎಳೆಯುವುದು ಈ ಕುತೂಹಲದಿಂದ. ದಿನವೂ ದೋಣಿ ಬರುವ ಜಾಗದಲ್ಲಿ ಅವುಗಳಿಗೆ ಮನುಷ್ಯರ ಭಯವೂ ಕಡಿಮೆಯಾಗಿರುತ್ತದೆ. ಡಾಲ್ಫಿನ್ 'ನಗುವುದೂ' ಇಂಥದ್ದೇ ತಪ್ಪು ಓದು: ಅದರ ದವಡೆಯ ಆಕಾರವೇ ಹಾಗೆ, ನೋವಿನಲ್ಲಿದ್ದರೂ ಮುಖ ನಗುತ್ತಲೇ ಇರುತ್ತದೆ.

ಅಂಟಾರ್ಕ್ಟಿಕಾದ ಚಿರತೆ ಸೀಲ್‌ನ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿ. ನ್ಯಾಷನಲ್ ಜಿಯಾಗ್ರಫಿಕ್‌ನ ಛಾಯಾಗ್ರಾಹಕ ಪಾಲ್ ನಿಕ್ಲೆನ್‌ಗೆ ಒಂದು ಹೆಣ್ಣು ಸೀಲ್ ಕೆಲವು ದಿನ ಪೆಂಗ್ವಿನ್ ಹಿಡಿದು ತಂದು ಕೊಟ್ಟಿತ್ತು. ಇದು ಬಹಳ ಫಾರ್ವರ್ಡ್ ಆದ ಕಥೆ. 2003ರ ಜುಲೈಯಲ್ಲಿ ಅಲ್ಲೇ ರೊಥೆರಾ ಸಂಶೋಧನಾ ಕೇಂದ್ರದ ಬಳಿ ಈಜುತ್ತಿದ್ದ ಬ್ರಿಟಿಷ್ ಜೀವವಿಜ್ಞಾನಿ ಕರ್ಸ್ಟಿ ಬ್ರೌನ್ ಅವರನ್ನು ಅದೇ ಜಾತಿಯ ಸೀಲ್ ನೀರಿನಾಳಕ್ಕೆ ಎಳೆದೊಯ್ದು, ಅವರು ಪ್ರಾಣ ಕಳೆದುಕೊಂಡರು. ಇದನ್ನು ಯಾರೂ ಹತ್ತು ಜನಕ್ಕೆ ಕಳಿಸುವುದಿಲ್ಲ.

ಸೀಲ್ ಸಣ್ಣಗೆ ಕಚ್ಚಿದರೂ ತೊಂದರೆ ಇದೆ. 'ಸೀಲ್ ಫಿಂಗರ್' ಎಂಬ ಸೋಂಕಿನಲ್ಲಿ ಬೆರಳು ಊದಿ ವಿಪರೀತ ನೋಯುತ್ತದೆ. ಪೆನಿಸಿಲಿನ್‌ಗೆ ಅದು ಬಗ್ಗದು, ಟೆಟ್ರಾಸೈಕ್ಲಿನ್ ಗುಂಪಿನ ಔಷಧಿ ಬೇಕು. ಹಾಗಾಗಿ ಅನುಭವಿ ಡೈವರ್‌ಗಳು ತಾವಾಗಿ ಸೀಲ್ ಬೆನ್ನು ಹತ್ತುವುದಿಲ್ಲ. ಒಂದೆಡೆ ಅಲುಗಾಡದೆ ಇರುತ್ತಾರೆ, ಬಂದರೆ ನೋಡುತ್ತಾರೆ. 30 ಸೆಕೆಂಡಿನ ವಿಡಿಯೋದಲ್ಲಿ ಈ ಕಾಯುವಿಕೆ ಕಾಣುವುದೇ ಇಲ್ಲ. 'ಮೈ ಆಕ್ಟೋಪಸ್ ಟೀಚರ್' ಚಿತ್ರದ ಕ್ರೇಗ್ ಫಾಸ್ಟರ್ ದಕ್ಷಿಣ ಆಫ್ರಿಕಾದ ತಣ್ಣೀರಿನಲ್ಲಿ ತಿಂಗಳುಗಟ್ಟಲೆ ಒಂದೇ ಜಾಗಕ್ಕೆ ದಿನವೂ ಇಳಿದಿದ್ದರು.

ನಮ್ಮ ನೀರುನಾಯಿ

ಕಬಿನಿ, ಕಾವೇರಿಯಲ್ಲಿ ಕಾಣುವುದು ನುಣುಪು ಕೂದಲಿನ ನೀರುನಾಯಿ. ಇದು ಸೀಲ್ ಅಲ್ಲ, ನಾಯಿಯೂ ಅಲ್ಲ. ಸುಮಾರು 7ರಿಂದ 11 ಕಿಲೋ ತೂಗುತ್ತದೆ, ಮೀನೇ ಮುಖ್ಯ ಆಹಾರ. ಕುಟುಂಬವಾಗಿ ಬಾಳುವ ಪ್ರಾಣಿ. ದಡದ ಬಂಡೆ ಸಂದಿಯಲ್ಲೋ ಮರದ ಬೇರಿನಡಿಯೋ ಮರಿ ಇದ್ದಾಗ ಇಡೀ ಗುಂಪು ಎದುರು ನಿಲ್ಲುತ್ತದೆ. ನೀರಿನಿಂದ ಕತ್ತೆತ್ತಿ ನಿಮ್ಮನ್ನೇ ದಿಟ್ಟಿಸುತ್ತಾ ಗೊರಕೆಯಂಥ ಸದ್ದು ಮಾಡಿದರೆ ಅದು ಮಾತನಾಡಿಸುತ್ತಿಲ್ಲ, ಎಚ್ಚರಿಸುತ್ತಿದೆ. ಮೀನಿನ ಮುಳ್ಳು ಪುಡಿ ಮಾಡುವ ಹಲ್ಲಿಗೆ ಬೆರಳು ಯಾವ ಲೆಕ್ಕ?

ಇನ್ನೊಂದು ಮಾತು. ಕಬಿನಿ ಹಿನ್ನೀರಿನಲ್ಲಿ ಮೊಸಳೆಗಳಿವೆ. ನೀರುನಾಯಿ ವಿಡಿಯೋಗೆಂದು ಸೊಂಟದ ಮಟ್ಟ ನೀರಿಗಿಳಿಯುವವರಿಗೆ ಅದು ನೆನಪಿರಲಿ.

ನೀರುನಾಯಿಯನ್ನು ಹಿಡಿಯುವುದು, ಮರಿ ತಂದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ವಿದೇಶಗಳ 'ಮುದ್ದು ನೀರುನಾಯಿ' ವಿಡಿಯೋಗಳು ಸಾಕುವ ಆಸೆ ಹೆಚ್ಚಿಸಿ, ಮರಿಗಳ ಕಳ್ಳಸಾಗಣೆಗೂ ದಾರಿ ಮಾಡಿವೆ. ಈ ಜಾತಿಯ ಅಂತಾರಾಷ್ಟ್ರೀಯ ವ್ಯಾಪಾರವನ್ನು 2019ರಲ್ಲಿ ನಿಷೇಧಿಸಲಾಯಿತು. ನಮ್ಮ ರಾಜ್ಯವಂತೂ 2015ರಲ್ಲೇ ತುಂಗಭದ್ರೆಯ ಒಂದು ಭಾಗವನ್ನು ನೀರುನಾಯಿಗಳಿಗೆಂದೇ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ.

ಬಲೆ ಬಿಡಿಸುವಾಗಲೋ ದಡದಲ್ಲೋ ನೀರುನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚಬೇಡಿ. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಯಾವ ಸಸ್ತನಿ ಕಚ್ಚಿದರೂ ರೇಬೀಸ್ ಸಾಧ್ಯತೆ ಇರುವುದರಿಂದ ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಕಾಡುಪ್ರಾಣಿ ಕಚ್ಚಿದ್ದು ಎಂದು ಸ್ಪಷ್ಟವಾಗಿ ಹೇಳಿ.