ಸೈನಸ್ ಲೋಳೆಚೀಲ: ಹಾರ್ಮೋನಿಗೂ ಕುತ್ತು

ಮೂಗಿನ ಹಿಂದೆ, ತಲೆಬುರುಡೆಯ ನಡುಭಾಗದಲ್ಲಿ ಸ್ಫೀನಾಯ್ಡ್ ಸೈನಸ್ ಇದೆ. ಅದರ ಮೇಲೆಯೇ, ತೆಳುವಾದ ಮೂಳೆಯ ಆಚೆ, ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ. ಥೈರಾಯ್ಡ್, ಅಡ್ರಿನಲ್ ಹಾಗೂ ಜನನ ಗ್ರಂಥಿಗಳಿಗೆ ಅಪ್ಪಣೆ ಹೋಗುವುದು ಇಲ್ಲಿಂದ.

ಸೈನಸ್ಸಿನ ದ್ವಾರ ಕಟ್ಟಿಕೊಂಡರೆ ಲೋಳೆ ಒಳಗೇ ತುಂಬಿ ಚೀಲದಂತೆ ಉಬ್ಬುತ್ತದೆ. ಇದೇ ಮ್ಯೂಕೋಸೀಲ್. ಕ್ಯಾನ್ಸರ್ ಅಲ್ಲದಿದ್ದರೂ ನಿಧಾನವಾಗಿ ಬೆಳೆದು ಮೂಳೆಯನ್ನು ಸವೆಸಬಲ್ಲದು. ಸ್ಫೀನಾಯ್ಡ್‌ನಲ್ಲಿ ಇದು ಅಪರೂಪ. ಕಣ್ಣಿನ ಹಿಂದೆ ನೋವು, ಮಂಜಾದ ದೃಷ್ಟಿ, ಒಂದು ವಸ್ತು ಎರಡಾಗಿ ಕಾಣುವುದು ಇದರ ಲಕ್ಷಣಗಳು. ಪಿಟ್ಯುಟರಿ ಒತ್ತಡಕ್ಕೆ ಸಿಲುಕುವುದು ಇನ್ನೂ ವಿರಳ. ಸಿಲುಕಿದಾಗ ಬಿಡದ ಸುಸ್ತು, ರಕ್ತದೊತ್ತಡದ ಕುಸಿತ, ಮುಟ್ಟು ನಿಲ್ಲುವಿಕೆ, ಕೆಲವರಲ್ಲಿ ಅತಿಮೂತ್ರ ಕಾಣಿಸಿಕೊಳ್ಳುತ್ತವೆ.

ಎಡವುವುದು ರಕ್ತಪರೀಕ್ಷೆಯಲ್ಲಿ. ಥೈರಾಯ್ಡ್ ಪರೀಕ್ಷೆ ಎಂದರೆ ಬಹುತೇಕ ಟಿಎಸ್‌ಎಚ್ ಒಂದೇ. ಅದನ್ನು ಸ್ರವಿಸುವುದೇ ಪಿಟ್ಯುಟರಿ. ಗ್ರಂಥಿ ಬಳಲಿದಾಗಲೂ ವರದಿ ಸಹಜವಾಗಿಯೇ ಬರಬಹುದು. ಹೀಗಾಗಿ ಫ್ರೀ ಟಿ-4, ಬೆಳಗಿನ ಕಾರ್ಟಿಸಾಲ್, ಪ್ರೊಲ್ಯಾಕ್ಟಿನ್‌ಗಳನ್ನೂ ನೋಡಬೇಕಾಗುತ್ತದೆ. ಚೀಲದ ವಿಸ್ತಾರ ತಿಳಿಯಲು ಸಿಟಿ, ಎಂಆರ್‌ಐ ಬೇಕು. ಶಿವನಸಮುದ್ರದಂತಹ ಊರಿನಿಂದ ಮಂಡ್ಯಕ್ಕೋ ಮೈಸೂರಿಗೋ ಹೊರಡುವವರು ತಲೆನೋವಿನ ಜೊತೆ ಸುಸ್ತು, ಮುಟ್ಟಿನ ಏರುಪೇರುಗಳನ್ನೂ ವೈದ್ಯರಿಗೆ ಹೇಳುವುದು ಒಳಿತು. ಮೂಗಿನ ವೈದ್ಯರ ಬಳಿ ಇವನ್ನು ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ.

ಚಿಕಿತ್ಸೆ ಶಸ್ತ್ರಕ್ರಿಯೆ. ಎಂಡೋಸ್ಕೋಪನ್ನು ಮೂಗಿನ ಮೂಲಕವೇ ತೂರಿಸಿ ಚೀಲವನ್ನು ತೆರೆದು ಲೋಳೆ ಬಸಿಯುತ್ತಾರೆ. ದೃಷ್ಟಿ ಕುಂದುತ್ತಿದ್ದರೆ ತಡಮಾಡುವಂತಿಲ್ಲ. ಹಾರ್ಮೋನು ಕೆಲವರಲ್ಲಿ ಚೇತರಿಸಿಕೊಳ್ಳುತ್ತದೆ, ಉಳಿದವರಿಗೆ ಮಾತ್ರೆ ಮುಂದುವರಿಯುತ್ತದೆ. ಕಾರ್ಟಿಸಾಲ್ ಕೊರತೆಯೂ ಇದ್ದರೆ ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಈ ಕ್ರಮ ತಪ್ಪಿದರೆ ಜೀವಕ್ಕೇ ಅಪಾಯ.