ಸ್ಟೇರಿಂಗ್ ಬಿಚ್ಚೋ ಮುಂಚೆ ಅದರ ಕಥೆ ಕೇಳಿ

ಕಾರು ಹುಟ್ಟಿದಾಗ ಅದಕ್ಕೆ ಸ್ಟೇರಿಂಗ್ ಚಕ್ರನೇ ಇರ್ಲಿಲ್ಲ ಅಂದ್ರೆ ನಂಬ್ತೀರಾ? 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಅನ್ನೋ ಹೆಂಗಸು, ಗಂಡ ಮಾಡಿದ ಕಾರನ್ನ ಗಂಡನಿಗೇ ಹೇಳದೆ ತಗೊಂಡು, ಇಬ್ಬರು ಗಂಡುಮಕ್ಕಳನ್ನ ಕೂರಿಸ್ಕೊಂಡು ತವರಿಗೆ ಹೊರಟ್ಲು. ದೂರ ಸುಮಾರು ನಮ್ಮ ಶಿವಮೊಗ್ಗದಿಂದ ಜೋಗಕ್ಕೆ ಹೋದಷ್ಟು. ಆ ಮೂರು ಗಾಲಿ ಗಾಡಿನ ತಿರುಗಿಸೋಕೆ ಇದ್ದಿದ್ದು ಒಂದು ಹಿಡಿ ಮಾತ್ರ. ದುಂಡನೆ ಚಕ್ರ ಬಂದದ್ದು 1894ರಲ್ಲಿ. ಪ್ಯಾರಿಸ್‌ನಿಂದ ರುವಾನ್‌ಗೆ ನಡೆದ ಓಟದಲ್ಲಿ ಆಲ್ಫ್ರೆಡ್ ವಾಶರೋನ್ ತನ್ನ ಕಾರಿಗೆ ಅದನ್ನ ಹಾಕ್ಕೊಂಡಿದ್ದ.

ಆಮೇಲೆ ನಮ್ಮ ಅಂಬಾಸಿಡರ್ ಕಾಲ. ಆ ಸ್ಟೇರಿಂಗ್ ಎಂಥಾ ದೊಡ್ಡದು, ನೆನಪಿದ್ಯಾ? ಅದು ಬರೀ ಅಂದಕ್ಕಲ್ಲ. ಬೀಸೋ ಕಲ್ಲಿನ ಗೂಟ ನಡುವಲ್ಲಿದ್ರೆ ರಟ್ಟೆ ಬಿದ್ದು ಹೋಗುತ್ತೆ, ಅಂಚಲ್ಲಿದ್ರೆ ಸಲೀಸು. ಇದೂ ಹಂಗೇ. ಪವರ್ ಸ್ಟೇರಿಂಗ್ ಇಲ್ಲದ ಭಾರದ ಕಾರಿಗೆ ಚಕ್ರ ದೊಡ್ಡದೇ ಬೇಕು. 1983ರ ಕೊನೆಗೆ ಹಗುರದ ಮಾರುತಿ 800 ಬಂತು. ಅಂಥ ಕಾರಿಗೆ ಚಿಕ್ಕ ಚಕ್ರ ಹಾಕಿದ್ರೂ ತಿರುಗಿಸಬಹುದು.

ಚಿಕ್ಕ ಚಕ್ರದ ಹುಚ್ಚು ಬಂದದ್ದು ರೇಸಿನಿಂದ. ಇಟಲಿಯ ಮೊರೆಟ್ಟಿ ಅನ್ನೋ ರೇಸುಗಾರ ಕೈಗೆ ದಪ್ಪಗೆ ಸಿಗೋ ಸ್ಟೇರಿಂಗ್ ಮಾಡಿಸ್ಕೊಂಡ. ಅಂಥದ್ದೇ ಹಾಕಿಸ್ಕೊಂಡ ಜಾನ್ ಸರ್ಟೀಸ್ 1964ರಲ್ಲಿ ಫೆರಾರಿ ಕಾರಲ್ಲಿ ವಿಶ್ವ ಚಾಂಪಿಯನ್ ಆದ. ಮೊರೆಟ್ಟಿ ಕಟ್ಟಿದ ಮೋಮೋ ಕಂಪನಿ ಹೆಸರು ಹುಡುಗರ ಬಾಯಲ್ಲಿ ಈಗಲೂ ಇದೆ.

ಹಳೇ ಕಾರಲ್ಲಿ ಇದು ಅಂಥ ದೊಡ್ಡ ಕೆಲಸ ಅಲ್ಲ. ಗಾಲಿ ನೆಟ್ಟಗೆ ನಿಲ್ಲಿಸಿ, ಬ್ಯಾಟರಿ ವೈರ್ ತೆಗೆದು, ಹಾರ್ನ್ ಮುಚ್ಚಳ ಬಿಚ್ಚಿದ್ರೆ ನಡುವಲ್ಲಿ ಒಂದು ದೊಡ್ಡ ನಟ್ಟು. ಅದನ್ನ ಸಡಿಲಿಸಿ, ಗುರುತು ಹಾಕ್ಕೊಂಡು, ಪುಲ್ಲರ್ ಹಾಕಿ ಎಳೀತಾರೆ. ಹೊಸದು ನೇರ ಕೂರಲ್ಲ. ಮಧ್ಯೆ ಆ ಕಾರಿನ ಹಲ್ಲಿಗೆ ಸರಿಯಾಗಿ ಕೂರೋ ಬಾಸ್ ಕಿಟ್ ಬೇಕು. ಹಲ್ಲು ಕೂತಿಲ್ಲ, ನಟ್ಟು ಬಿಗಿಯಾಗಿಲ್ಲ ಅಂದ್ರೆ ತಿರುವಲ್ಲಿ ಚಕ್ರ ಕೈಗೇ ಬಂತು ಅಂತ ಲೆಕ್ಕ.

ಈಗಿನ ಕಾರಲ್ಲಿ ಮಾತ್ರ ಆ ಮುಚ್ಚಳದ ಕೆಳಗೆ ಏರ್‌ಬ್ಯಾಗ್ ಇದೆ. ಅದರ ಕಥೆನೂ ಕೇಳಿ. 1952ರಲ್ಲಿ ಅಮೆರಿಕದ ಜಾನ್ ಹೆಟ್ರಿಕ್ ಹೆಂಡತಿ, ಮಗಳ ಜೊತೆ ಹೋಗ್ತಿದ್ದಾಗ ಕಾರು ಚರಂಡಿಗಿಳೀತು. ಗಂಡ ಹೆಂಡತಿ ಇಬ್ಬರೂ ಕೈ ಅಡ್ಡ ಚಾಚಿದ್ದು ಮಗಳು ಮುಂದಕ್ಕೆ ಹೋಗಿ ಹೊಡ್ಕೋಬಾರ್ದು ಅಂತ. ಆ ಕೈ ಮಾಡೋ ಕೆಲಸವನ್ನ ಕಾರೇ ಯಾಕೆ ಮಾಡಬಾರ್ದು ಅಂತ ಯೋಚಿಸಿ, ಮಾರನೇ ವರ್ಷ ಪೇಟೆಂಟ್ ಪಡೆದ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಡ್ರೈವರ್ ಕಡೆ ಏರ್‌ಬ್ಯಾಗ್ ಕಡ್ಡಾಯ ಆಯ್ತು.

ಇದನ್ನೆಲ್ಲ ಯಾಕೆ ಬರೆದೆ ಅಂದ್ರೆ, ನಮ್ಮ ಅಕ್ಕನ ಮಗ 2020ರ ಕಾರು ತಗೊಂಡು, ಸ್ಟೇರಿಂಗ್ ಕಿತ್ತು ಚಿಕ್ಕದು ಹಾಕಿಸ್ತೀನಿ ಅಂತ ಕೂತಿದಾನೆ. ಅವನ ಹೆಂಡತಿ ಏಳು ತಿಂಗಳ ಬಸುರಿ. ಹೆರಿಗೆಗೆ ತವರಿಗೆ ಹೋಗೋದು ಅದೇ ಕಾರಲ್ಲಿ, ಓಡಿಸೋನು ಇವನೇ. "ರೇಸಿನವರಿಗೆ ಏರ್‌ಬ್ಯಾಗ್ ಇರುತ್ತಾ ಚಿಕ್ಕಮ್ಮ?" ಅಂದ. ಇರಲ್ಲಪ್ಪ, ಆದ್ರೆ ಅವರು ತಲೆಗೆ ಹೆಲ್ಮೆಟ್ ಹಾಕಿ, ಎರಡೂ ಭುಜ, ಸೊಂಟ, ತೊಡೆಸಂದಿಗೆಲ್ಲ ಬೆಲ್ಟ್ ಬಿಗಿದು ಕೂರ್ತಾರೆ. ನೀನು ಗಾಂಧಿ ಬಜಾರಿಗೆ ತರಕಾರಿಗೆ ಹಂಗೆ ಹೋಗ್ತೀಯಾ ಅಂದೆ. ಸುಮ್ನಾದ. ಕಿತ್ತ ಏರ್‌ಬ್ಯಾಗ್ ಅಟ್ಟದ ಮೇಲಿಡ್ತೀನಿ ಅಂದಿದ್ದಕ್ಕೂ ಬೇಡ ಅಂದೆ. ಅದರೊಳಗೆ ಸಿಡಿಯೋ ಮದ್ದಿರುತ್ತೆ, ಅದು ಹಳೇ ಪಾತ್ರೆ ಅಲ್ಲ.

ಈಗ ಸದ್ಯಕ್ಕೆ ಕವರ್ ಸಾಕು ಅಂದಿದಾನೆ. ಅದೂ ಅಂಚಿಗಷ್ಟೇ ಹಾಕಬೇಕು, ನಡುವಿನ ಮುಚ್ಚಳದ ಮೇಲೆ ಏನೂ ಇರ್ಬಾರ್ದು. ನಿಮ್ಮ ಮನೆ ಕಾರಲ್ಲೂ ಒಂದ್ಸಲ ನೋಡ್ಕೊಳ್ಳಿ. ಎಡಗಡೆ ಡ್ಯಾಶ್‌ಬೋರ್ಡಲ್ಲಿ ಏರ್‌ಬ್ಯಾಗ್ ಅಂತ ಬರೆದಿರೋ ಕಡೆ ಗಣಪನ್ನ ಅಂಟಿಸಿದ್ರೆ, ಅಪ್ಪಳಿಸಿದ ಹೊತ್ತಲ್ಲಿ ಆ ಮೂರ್ತಿನೇ ಮುಖಕ್ಕೆ ಬರುತ್ತೆ. ಗಣಪ ಬೇಕೇ ಬೇಕು, ಸ್ವಲ್ಪ ಆಚೆಗೆ ಕೂರಿಸಿ.